ನಾನು ಆರಿಸಿದ ಬ್ರೇಕ್ ಪೈಪು

ನನ್ನ ಗಂಡ ಹನ್ನೆರಡು ವರ್ಷ ರಾಯಚೂರಿನ ಒಬ್ಬ ಅಕ್ಕಿ ಗಿರಣಿ ಸಾಹುಕಾರರ ಕಾರು ನಡೆಸಿದರು. ಎಪ್ಪತ್ತನೇ ಇಸವಿಯ ಆಚೀಚೆ ಸೇರಿದವರು, ಎಂಬತ್ತನೇ ಇಸವಿ ದಾಟಿದ ಮೇಲೆ ಬಿಟ್ಟರು. ಬಿಟ್ಟರು ಅಂತ ಬರೆಯುವುದು ಮರ್ಯಾದೆಗೆ. ಬಿಡಿಸಿದರು. ಅದರಲ್ಲಿ ಸಾಹುಕಾರರ ಮಗನ ಪಾಲೆಷ್ಟು, ನನ್ನ ಪಾಲೆಷ್ಟು ಅಂತ ಲಿಂಗಪೂಜೆಗೆ ಕೂತಾಗಲೂ ಮನಸ್ಸು ತೂಗುತ್ತಲೇ ಇರುತ್ತದೆ. ಶಿವನ ಧ್ಯಾನ ಮಾಡಬೇಕಾದ ಹೊತ್ತಿನಲ್ಲಿ ಒಂದು ಮೊಳದ ಪೈಪು ಕಣ್ಣಮುಂದೆ ಬರುತ್ತದೆ.

ಗಿರಣಿಯ ಗೇಟಿಗೆ ಹತ್ತಿದ ಒಂದು ಖೋಲಿ ನಮಗೆ ಕೊಟ್ಟಿದ್ದರು. ಡ್ರೈವರ್ ಇರುವತನಕ ಖೋಲಿ, ಅಷ್ಟೇ ಮಾತು. ತೌಡಿನ ಧೂಳು ಗಂಟೆಗೊಮ್ಮೆ ಗುಡಿಸಿದರೂ ಹೋಗುತ್ತಿರಲಿಲ್ಲ, ರೊಟ್ಟಿ ಹಿಟ್ಟಿನೊಳಗೂ ಬೀಳುತ್ತಿತ್ತು. ಆದರೂ ನಾನು ದೇವರು ಕೊಟ್ಟದ್ದನ್ನು ದಿನಾ ಎಣಿಸುವಾಕೆ: ಬಾಗಿಲ ಮುಂದೆಯೇ ನಳ ಐತಿ, ಒಂದು. ಗಂಡ ಕುಡಿಯುವುದಿಲ್ಲ, ಎರಡು. ದೇವದುರ್ಗ, ಮಾನ್ವಿ, ಎಲ್ಲಿ ಹೋದರೂ ಕೈಕಾಲು ನೆಟ್ಟಗೆ ಮನಿಗೆ ಬರುತ್ತಾರೆ, ಮೂರು. ಆ ಮೂರನೆಯದು ಬಹಳ ದೊಡ್ಡದು. ಹನ್ನೆರಡು ವರ್ಷದಲ್ಲಿ ಆ ಗುಂಡು ಬೆನ್ನಿನ ಬಿಳಿ ಕಾರಿಗೆ ಒಂದು ಗೀರು ಬಿದ್ದಿರಲಿಲ್ಲ. ಬೇರೆ ಸಾಹುಕಾರರು ತಮ್ಮ ಮಗಳನ್ನು ಗಂಡನ ಮನಿಗೆ ಕಳಿಸುವಾಗ, 'ಅವನ್ನ ಕಳಸ್ರಿ, ಅವಂದು ಬಾಣಂತಿ ಕೂತ ಗಾಡಿ, ಅಷ್ಟು ಮೆಲ್ಲಕ' ಅಂತ ನಮ್ಮವರನ್ನೇ ಎರವಲು ಕೇಳುತ್ತಿದ್ದರು. ಇರುವ ಆಸ್ತಿ ಅಂದರೆ ಆ ಹೆಸರೊಂದೇ.

ನಮ್ಮ ಕಡೆ ಅಮಾಸಿ ಬಂತೆಂದರೆ ಗಾಡಿಗೆ ಪೂಜೆ ತಪ್ಪುವುದಿಲ್ಲ. ತೊಳೆದು, ವಿಭೂತಿ ಬಳಿದು, ಹೂ ಏರಿಸಿ, ಕಾಯಿ ಒಡೆದು, ಗಾಲಿಯ ಕೆಳಗೆ ಲಿಂಬಿಹಣ್ಣು ಇಡುವುದು. ಸಾಹುಕಾರರ ಮನೆಯಲ್ಲಿ ತಕ್ಕಡಿಗೆ, ಗಿರಣಿಯ ಕಲ್ಲಿಗೆ ಪೂಜೆ ಮಾಡಲು ಜನ ಇದ್ದರು. ಕಾರು ನಮ್ಮ ಪಾಲಿಗಿತ್ತು. ಎಲ್ಲರೂ ಬಾನೆಟ್ಟಿಗೆ ಪೂಜೆ ಮಾಡುತ್ತಾರೆ. ನನಗೆ ಅದು ಸರಿ ಕಾಣುತ್ತಿರಲಿಲ್ಲ. ಗಾಡಿ ಓಡಲಿ ಅಂತ ಬೇಡುವವರು ಸಾಹುಕಾರರು, ನಾನು ಬೇಡುವುದು ಗಾಡಿ ನಿಲ್ಲಲಿ ಅಂತ. ಒಮ್ಮೆ ನಮ್ಮವರು ಮುಂದಿನ ಗಾಲಿ ಹೊರಳಿಸಿ ಒಳಗೆ ಒಂದು ಕರಿ ರಬ್ಬರ್ ಪೈಪು ತೋರಿಸಿದ್ದರು. "ನೋಡು, ಇದರಾಗ ಎಣ್ಣಿ ಅದ. ನಾ ಕಾಲಿಲೆ ಒತ್ತಿದ್ರ ಈ ಎಣ್ಣಿ ಹೋಗಿ ಗಾಲಿ ಹಿಡಿತದ" ಅಂದರು.

ಆವತ್ತಿನಿಂದ ನನಗೆ ಆ ಪೈಪೇ ದೇವರು. ಅಮಾಸಿಗೊಮ್ಮೆ ಗಾಲಿಯ ಹಿಂದೆ ಮೊಣಕಾಲೂರಿ ಕೂತು ಸೀಮೆಎಣ್ಣೆಯ ಬಟ್ಟೆಯಿಂದ ಮಣ್ಣು ಒರೆಸಿ, ಮೇಲೆ ಕುಸುಬಿ ಎಣ್ಣೆ ಹಚ್ಚಿ ಮಿರಿಮಿರಿ ಮಾಡುತ್ತಿದ್ದೆ. ತೊಟ್ಟಿಲಿಗೆ ಹಚ್ಚುತ್ತೇವೆ, ಎತ್ತಿನ ಕೊಂಬಿಗೆ ಹಚ್ಚುತ್ತೇವೆ. ಒಳಗೆ ಎಣ್ಣೆ ಇದ್ದದ್ದಕ್ಕೆ ಹೊರಗೆ ಎಣ್ಣೆ ಹಚ್ಚಿದರೆ ಏನು ಕೆಡುತ್ತದೆ? ಮೂರು ವರ್ಷ ಬಿಡದೆ ಮಾಡಿದೆ. ನಮ್ಮವರು ನೋಡಿ ನಗುತ್ತಿದ್ದರು, ಬೇಡ ಅನ್ನುತ್ತಿರಲಿಲ್ಲ.

ಒಂದು ದಿನ ದೇವದುರ್ಗದಿಂದ ಬರುವಾಗ ಮುಂದಿನ ಗಾಲಿ ಸುಟ್ಟ ವಾಸನೆ ಬಿಟ್ಟಿತಂತೆ. ಬ್ರೇಕಿನಿಂದ ಕಾಲು ತೆಗೆದರೂ ಗಾಲಿ ಸಡಿಲ ಆಗಲಿಲ್ಲ. ನಿಲ್ಲಿಸಿ, ಆರಿಸಿ, ಮತ್ತೆ ನಡೆಸಿ, ಹಂಗೂ ಹಿಂಗೂ ರಾಯಚೂರು ಮುಟ್ಟಿದರು. ಮರುದಿನ ಮೆಕ್ಯಾನಿಕ್ ಗಿರಣಿಗೇ ಬಂದ. ವಯಸ್ಸಾದವ, ಊರೆಲ್ಲ ಅವನನ್ನು ಉಸ್ತಾದ್ ಅನ್ನುತ್ತಿತ್ತು. ನಾನು ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದೆ. ಅವನು ಪೈಪು ಬಿಚ್ಚಿ ಹೆಬ್ಬೆರಳಿನಿಂದ ಒತ್ತಿದ. ನೆನೆಸಿಟ್ಟ ಹಪ್ಪಳದ ಹಿಟ್ಟಿನ ಹಾಗೆ ಬೆರಳು ಒಳಗೆ ಹೋಯಿತು.

"ಡ್ರೈವರ್ ಸಾಬ್, ಇದಕ್ಕ ಎಣ್ಣಿನೀರು ಹಾಕಿದಾಕಿ ಯಾರು? ಬಾಣಂತಿಗೆ ಹಾಕಿದಂಗ ಹಾಕ್ಯಾರಲ್ಲ! ರಬ್ಬರಿಗೆ ಸೀಮಿಎಣ್ಣಿ ತಗಲಿದ್ರ ಉಬ್ಬತದ, ಎಣ್ಣಿ ತಗಲಿದ್ರ ಕೊಳಿತದ. ಒಳಗ ದಾರಿ ಮುಚ್ಚಿ ಹೋಗ್ಯದ ನೋಡ್ರಿ."

ಅಂಗಳದಲ್ಲಿದ್ದ ಹಮಾಲರು ನಕ್ಕರು. ನಮ್ಮವರು ನನ್ನ ಕಡೆ ನೋಡಲೇ ಇಲ್ಲ. "ಧೂಳಾಗಿತ್ತು, ನಾನ ಒರಸ್ತಿದ್ದೆ" ಅಂದರು.

ಒಳಗೆ ಬಂದಾಗ ನಾನು ಅಳುಮುಖ ಮಾಡಿ, "ನಾನು ಮಾಡೀನಿ ಅಂತ ಸಾಹುಕಾರ್ರ ಮುಂದ ಹೇಳ್ಲೇನ್ರಿ?" ಅಂದೆ.

"ಬಾಯಿ ಮುಚ್ಚಿಕೊಂಡು ಕೂಡು. ಡ್ರೈವರ್‌ನ ಹೆಂಡ್ತಿ ಬ್ರೇಕಿಗೆ ಕೈ ಹಚ್ತಾಳ ಅಂತ ಗೊತ್ತಾದ್ರ ನನ್ನ ಗಾಡ್ಯಾಗ ಯಾರು ಕೂಡ್ತಾರ?"

ಅಲ್ಲಿಗೆ ಮುಗಿಯಬೇಕಿತ್ತು. ಹೊಸ ರಬ್ಬರ್ ಪೈಪು ಹಾಕಿ, ನಾನು ಎಣ್ಣೆ ಹಚ್ಚುವುದು ಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಸಾಹುಕಾರರ ಮಗ ಅದೇ ವಾರ ಹೈದರಾಬಾದಿಗೆ ಹೋಗಿ ಬಂದಿದ್ದ. ಅಲ್ಲಿ ಹಳೇ ಮಿಲಿಟರಿ ಸಾಮಾನು ಮಾರುವ ಬಜಾರಿನಿಂದ ಮೂರು ಪೈಪು ತಂದಿದ್ದ. ಮೇಲೆಲ್ಲ ಸಣ್ಣ ಸ್ಟೀಲ್ ತಂತಿಯ ಹೆಣಿಕೆ, ಹೆಣ್ಣುಮಕ್ಕಳ ಜಡೆ ಹೆಣೆದ ಹಾಗೆ ಬಿಗಿ. ಪೇಪರಿನ ಮೇಲೆ ಇಟ್ಟಾಗ ಬೆಳ್ಳಿ ನಡುಪಟ್ಟಿ ಇಟ್ಟಂತೆ ಕಂಡಿತು. ನೋಡಲು ಬಂದವರೆಲ್ಲ ಒಮ್ಮೆ ಕೈಯಾಡಿಸಿದರು.

"ವಿಮಾನಕ್ಕ ಹಾಕೂದು ಇದು. ತುಳಿದ ಕೂಡ್ಲೆ ಹಿಡಿತದ. ರಬ್ಬರ್ ಉಬ್ಬಿ ಅರ್ಧಾ ಜೋರು ತಿಂತದ, ಇದು ಉಬ್ಬೂದಿಲ್ಲ" ಅಂದ ಮಗ.

ಅದರಲ್ಲಿ ಸುಳ್ಳೇನೂ ಇರಲಿಲ್ಲ ಅಂತ ಉಸ್ತಾದನೂ ಒಪ್ಪಿದ. ಆದರೆ ತನ್ನ ರಬ್ಬರ್ ಪೈಪು ಪಕ್ಕದಲ್ಲಿಟ್ಟು ಬೆರಳಿನಿಂದ ಅಳೆದ. "ಸಣ್ಣ ಸಾಹುಕಾರ್ರ, ಮಾಲು ಚಲೋ ಅದ. ನಮ್ಮ ಗಾಡಿದಲ್ಲ. ತುದಿ ಹೊಂದತದ, ಉದ್ದ ಹೊಂದೂದಿಲ್ಲ, ಎರಡು ಬೆರಳು ಕಡಿಮಿ. ಸ್ಟೇರಿಂಗ್ ಪೂರಾ ತಿರುವಿದ್ರ ಜಗ್ಗತದ. ಮತ್ತ ಇನ್ನೊಂದು. ರಬ್ಬರ್ ಬಾಯಿ ಬಿರಿದು ಹೇಳತದ, ನಾ ಮುದುಕ ಆದೆ ಅಂತ. ಇದು ಮ್ಯಾಲೆ ಚಂದ ಇರತದ, ಒಳಗಿಂದು ಸತ್ತರೂ ಹೇಳೂದಿಲ್ಲ."

"ರಬ್ಬರು ಕೂಸಿನ ಹಾಲಿನ ಬಾಟ್ಲಿಗೆ ಹಾಕು ಹೋಗೋ ಉಸ್ತಾದ್!" ಅಂದ ಮಗ. ಹಮಾಲರು ಅದಕ್ಕೂ ನಕ್ಕರು. ನಗುವುದೂ ಅವರ ಕೂಲಿಯಲ್ಲಿ ಸೇರಿತ್ತೋ ಏನೋ.

ಸಾಹುಕಾರರಿಗೆ ಯಾರ ಮನಸ್ಸೂ ಮುರಿಯುವುದು ಬೇಡವಾಗಿತ್ತು. ಎಲ್ಲರ ಮುಂದೆ ನಮ್ಮವರಿಗೆ ಹೇಳಿದರು: "ಗಾಡಿ ನಡಸಾಂವ ನೀನು. ನೀನ ಆರಿಸು. ನಾಳೆ ಮುಂಜಾನಿ ಹೇಳು."

ದೊಡ್ಡವರು ಹೀಗೆ ಅಂದಾಗ ಅದು ಮರ್ಯಾದೆ ಅಂತ ನಾನು ತಿಳಿದಿದ್ದೆ. ಈಗ ಗೊತ್ತು. ಮಗ ತಂದದ್ದನ್ನು ಬೇಡ ಅನ್ನುವ ಕೆಲಸವನ್ನೂ, ಬೇಕು ಅಂದರೆ ಅದರ ಹೊಣೆಯನ್ನೂ ಅವರು ಆಳಿನ ತಲೆಗೆ ಕಟ್ಟಿದ್ದರು.

ಮಧ್ಯಾಹ್ನ ಉಣ್ಣುವಾಗ ನಮ್ಮವರು ತಲೆ ತಗ್ಗಿಸಿ ರೊಟ್ಟಿ ಮುರಿಯುತ್ತಿದ್ದರು. ಯಾವುದೇ ಮಾತಿದ್ದರೂ ಉಣ್ಣುವಾಗ ನನ್ನನ್ನು ಕೇಳುವುದು ಅವರ ರೂಢಿ. "ನಾ ರಬ್ಬರ್ ಅಂತೀನಿ ನಾಳೆ. ಉಸ್ತಾದ್ ಸುಳ್ಳು ಹೇಳೂ ಮನಷ್ಯಾ ಅಲ್ಲ. ನೀ ಏನಂತಿ?"

"ಸ್ಟೀಲಿಂದ ತಗೋರಿ" ಅಂದೆ.

"ಯಾಕ?"

"ಉಸ್ತಾದ್‌ಗ ತನ್ನ ಪೈಪು ಮಾರೂದೈತಿ. ಸಣ್ಣ ಸಾಹುಕಾರ್ರು ಆಸಿಪಟ್ಟು ತಂದಾರ. ಬ್ಯಾಡ ಅಂದ್ರ ಅವರು ಮರೀತಾರೇನು? ನಾಳೆ ಇದೇ ಗಿರಣಿಗೆ ಅವರ ಯಜಮಾನ್ರು."

ಅವರು ನನ್ನ ಮುಖ ನೋಡಿದರು. ಹನ್ನೆರಡು ವರ್ಷ ರಸ್ತೆ ನೋಡಿದ ಕಣ್ಣು ಅವು. "ಅದಲ್ಲ. ಖರೇ ಹೇಳು."

ಹೇಳಿದೆ. "ರಬ್ಬರಿಗೆ ಎಣ್ಣಿ ತಾಕಿದ್ರ ಕೆಡತದ. ಸ್ಟೀಲಿಗೆ ಏನಾಗತದ?"

"ಎಣ್ಣಿ ಹಚ್ಚೂದು ಬಿಡು ಅಂದ್ರ ಬಿಡೂದಿಲ್ಲೇನು ನೀನು?"

"ಹೆಂಗ ಬಿಡ್ಲಿ? ಮೂರು ವರ್ಷ ನಡಸ್ಕೊಂಡು ಬಂದೀನಿ. ಬಿಟ್ಟ ಅಮಾಸಿಗೇ ಏನಾರ ಆದ್ರ? ಆವಾಗ ಯಾರ ಮುಂದ ಅಳಲಿ?"

ನಾನು ನಾಟಕ ಮಾಡಲಿಲ್ಲ. ಆ ಹೆದರಿಕೆ ನಿಜವಾಗಿ ಇತ್ತು. ದೇವರಿಗೆ ಹಿಡಿದ ನೇಮ ಬಿಟ್ಟರೆ ಏನಾದರೂ ಆಗೇ ಆಗುತ್ತದೆ ಅಂತ ನಂಬಿದ್ದೆ. ಆದರೆ ಈಗ ಬರೆಯಲು ಕೂತಾಗ ಇನ್ನೊಂದೂ ಕಾಣುತ್ತದೆ. ಎಣ್ಣೆ ಹಚ್ಚುವುದು ಬಿಟ್ಟರೆ ಮೂರು ವರ್ಷ ನಾನು ಮಾಡಿದ್ದು ತಪ್ಪು ಅಂತ ಒಪ್ಪಿದಂತೆ. ಸ್ಟೀಲ್ ಹಾಕಿದರೆ ನನ್ನ ಪೂಜೆ ಸರಿ, ರಬ್ಬರಿನದೇ ತಪ್ಪು. ಭಕ್ತಿಯೊಳಗೆ ಹಟ ಸೇರಿದ್ದು ನನಗೇ ತಿಳಿಯಲಿಲ್ಲ.

ಅವರು ಕೈ ತೊಳೆದರು. ಮರುದಿನ ಮುಂಜಾನೆ ಸಾಹುಕಾರರ ಮುಂದೆ ನಿಂತು, "ಸ್ಟೀಲಿಂದ ಇರ್ಲಿ ರೀ" ಅಂದರು. ಮಗ ಅವರ ಬೆನ್ನಿಗೆ ಹೊಡೆದು, "ಶಾಭಾಸ್! ಈಗ ಗಂಡಸಾದಿ ನೋಡು" ಅಂದ. ಉಸ್ತಾದ್ ಹಾಕಿಕೊಟ್ಟ. ಹೋಗುವಾಗ ಒಂದೇ ಹೇಳಿದ: "ಸ್ಟೇರಿಂಗ್ ಪೂರಾ ಕಟ್ ಹೊಡಿಬ್ಯಾಡ್ರಿ ಡ್ರೈವರ್ ಸಾಬ್. ಎರಡು ಸಲ ಹಿಂದಮುಂದ ಮಾಡ್ರಿ, ಆದ್ರ ಪೂರಾ ತಿರುವಬ್ಯಾಡ್ರಿ."

ಐದು ತಿಂಗಳು ನಮ್ಮವರು ಹಾಗೇ ನಡೆಸಿದರು. ಒಂದೇ ಸಲಕ್ಕೆ ಹೊರಳುವ ಜಾಗದಲ್ಲಿ ಮೂರು ಸಲ ಹಿಂದೆ ಮುಂದೆ ಮಾಡುತ್ತಿದ್ದರು. ಗಿರಣಿಯ ಅಂಗಳದಲ್ಲೇ ಮಗ ಕೂಗುತ್ತಿದ್ದ, "ಏನಲೇ, ಗಬ್ಬದ ಎಮ್ಮಿ ಹೊಳ್ಳಿಸಿದಂಗ ಹೊಳ್ಳಸ್ತಿ!" ನಮ್ಮವರು ನಕ್ಕು ಬಿಡುತ್ತಿದ್ದರು. ನಾನು ಅಮಾಸಿಗೊಮ್ಮೆ ಸ್ಟೀಲ್ ಜಡೆಗೆ ಎಣ್ಣೆ ಹಚ್ಚುತ್ತಿದ್ದೆ. ಹೊಳೆಯುತ್ತಿತ್ತು. ತಂತಿಯ ಸಂದಿಯಲ್ಲಿ ಧೂಳು ಮೆತ್ತಿಕೊಳ್ಳುತ್ತಿತ್ತು, ಬೆರಳಿಗೆ ಚುಚ್ಚುತ್ತಿತ್ತು. ಒಳಗೆ ಏನಿದೆ ಅಂತ ಕಾಣುತ್ತಿರಲಿಲ್ಲ.

ಸಾಹುಕಾರರ ತಾಯಿಗೆ ನೀರಮಾನ್ವಿ ಎಲ್ಲಮ್ಮನ ಮೇಲೆ ಬಹಳ ನಂಬಿಕೆ. ಒಂದು ಮಂಗಳವಾರ ಅವ್ವಾರು ಹಿಂದಿನ ಸೀಟಿನಲ್ಲಿ, ಮೊಮ್ಮಗ ಅಂದರೆ ಸಣ್ಣ ಸಾಹುಕಾರ ಮುಂದೆ, ಹೀಗೆ ಹೋಗಿದ್ದರು. ದರ್ಶನ ಮುಗಿಸಿ ಹೊರಡುವಾಗ ಓಣಿಯಲ್ಲಿ ಎತ್ತಿನ ಗಾಡಿಗಳು ನಿಂತಿದ್ದವು. ಕಾರು ಹೊರಳುವತನಕ ಅವ್ವಾರು ಗುಡಿಯ ಮುಂದೆಯೇ ಕೂತಿದ್ದರು. ನಮ್ಮವರು ಹಿಂದೆ ಮುಂದೆ ಮಾಡತೊಡಗಿದರು. ಬಿಸಿಲು. ಸಣ್ಣ ಸಾಹುಕಾರನಿಗೆ ತಾಳ್ಮೆ ಹೋಯಿತು. "ಪೂರಾ ಕಟ್ ಹೊಡಿಯೋ! ಎತ್ತಿನ ಗಾಡ್ಯಾವ ನೋಡಿ ನಗಾಕತ್ತಾನ. ನಾ ಹೇಳಾಕತ್ತೀನಿ, ಹೊಡಿ!" ಅಂದನಂತೆ. ಹೊಡೆದರು. 'ಟಕ್' ಅಂತ ಸಣ್ಣ ಸಪ್ಪಳ ಕೇಳಿದ ಹಾಗಾಯಿತಂತೆ. ಇಳಿದು ನೋಡುತ್ತೇನೆ ಅಂದದ್ದಕ್ಕೆ, "ಕಲ್ಲು ಸಿಡಿದಿರಬೇಕು, ನಡಿ" ಅಂದನಂತೆ.

ದಾರಿಯಲ್ಲಿ ಕಾಲುವೆಯ ಸೇತುವೆಗೆ ಇಳಿಯುವಾಗ ಬ್ರೇಕ್ ತುಳಿದರೆ ಕಾಲು ತಳ ಮುಟ್ಟಿತು. "ನೀರಾಗ ಕಾಲಿಟ್ಟಂಗ ಆತು" ಅಂತ ನನಗೆ ಆಮೇಲೆ ಹೇಳಿದರು. ಹ್ಯಾಂಡ್ ಬ್ರೇಕ್ ಜಗ್ಗಿ, ಗೇರ್ ಇಳಿಸಿ, ಕಾಲುವೆಯ ಕಡೆ ಬಿಟ್ಟು ಈ ಕಡೆಯ ಮಣ್ಣಿನ ಏರಿಗೆ ಗಾಡಿ ಉಜ್ಜಿ, ಭತ್ತದ ಗದ್ದೆಯ ಕೆಸರಿಗೆ ನಿಲ್ಲಿಸಿದರು. ಅವ್ವಾರು ಮುಂದಿನ ಸೀಟಿಗೆ ಬಡಿದು ಎಡಗೈ ಮಣಿಕಟ್ಟು ಮುರಿಯಿತು. ಉಳಿದವರಿಗೆ ತರಚು ಗಾಯ.

ಸುದ್ದಿ ಬಂದಾಗ ನಾನು ಎಣಿಸಿದೆ. ಕಾಲುವೆಗೆ ಬೀಳಲಿಲ್ಲ. ಗದ್ದೆಯಲ್ಲಿ ಕೆಸರಿತ್ತು, ಒಣಗಿರಲಿಲ್ಲ. ಎದುರು ಬಸ್ಸು ಬರಲಿಲ್ಲ. ಮುರಿದದ್ದು ಎಡಗೈ. ಎಣಿಸಿ ಮುಗಿಯುವಷ್ಟರಲ್ಲಿ ನಮ್ಮವರನ್ನು ಅಂಗಳಕ್ಕೆ ಕರೆದರು.

ಸಾಹುಕಾರರು ಕುರ್ಚಿಯಲ್ಲಿ ಕೂತಿದ್ದರು. ಉಸ್ತಾದ್ ಪೈಪು ಬಿಚ್ಚಿ ತಂದಿದ್ದ. ತುದಿಯ ಹಿಡಿಕೆಯಿಂದ ಜಡೆ ಕಿತ್ತು ಬಂದಿತ್ತು.

"ಇದನ್ನ ಆರಿಸಿದಾಂವ ಯಾರು?" ಅಂದರು ಸಾಹುಕಾರರು. ತಾವೇ ಆರಿಸು ಅಂದದ್ದು ಮರೆತವರ ಹಾಗೆ.

ಮಗ ದೂರ ನಿಂತ ಲಾರಿಯ ಮೇಲಿನ ಚೀಲ ನೋಡುತ್ತಿದ್ದ. ನಾನು ಬಾಗಿಲಲ್ಲಿ ನಿಂತಿದ್ದೆ.

"ನಾನ ರೀ" ಅಂದರು ನಮ್ಮವರು.

ಪೂರಾ ಕಟ್ ಹೊಡೆಸಿದ್ದು ಯಾರು ಅಂತ ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ನಮ್ಮವರ ಕೈಯಿಂದ ಕಾರಿನ ಕೀಲಿ ಇಸಕೊಂಡರು. "ಅವ್ವನ ಕೈ ಕೂಡಲಿ, ಆಮ್ಯಾಲೆ ನೋಡೂನು" ಅಂದರು ಸಾಹುಕಾರರು. ಅಂದರೆ ಅವ್ವಾರು ಏನಂತಾರೋ ಅದು.

ಮೂರು ವಾರಕ್ಕೆ ಅವ್ವಾರೇ ಕೊರಳಿಗೆ ಕೈ ಕಟ್ಟಿಕೊಂಡು ನಮ್ಮ ಖೋಲಿಗೆ ಬಂದರು. ಹಿಂದೆಂದೂ ಬಂದವರಲ್ಲ. ಕಂಬಳಿ ಹಾಸಿದೆ. ನೀರು ಕೊಟ್ಟೆ. ನಮ್ಮವರು ಮನೆಯಲ್ಲಿರಲಿಲ್ಲ.

"ಯವ್ವಾ, ನಿನ್ನ ಗಂಡ ಇಷ್ಟು ವರ್ಷ ನನ್ನ ಹೂವಿನಂಗ ಕರಕೊಂಡು ಅಡ್ಡಾಡ್ಯಾನ. ಅಂವ ಅಂಥಾ ಸಾಮಾನು ಆರಸಾಂವ ಅಲ್ಲ. ದೇವರ ಮುಂದ ಕೇಳಾಕತ್ತೀನಿ. ನನ್ನ ಮೊಮ್ಮಗ ಜುಲುಮಿ ಮಾಡಿದ್ನಿಲ್ಲೋ? ಹೂಂ ಅನ್ನು. ನಾ ನನ್ನ ಮಗಗ ಹೇಳ್ತೀನಿ, ಇವತ್ತೇ ಕೀಲಿ ಕೊಡಸ್ತೀನಿ."

ಹೂಂ ಅಂದಿದ್ದರೆ ಆಗುತ್ತಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ. ಆದರೆ ಆಗಷ್ಟೇ ಪೂಜೆ ಮುಗಿಸಿದ್ದೆ, ಹಣೆಯ ವಿಭೂತಿ ಇನ್ನೂ ಹಸಿ ಇತ್ತು. ನನ್ನ ತವರಿನಲ್ಲಿ ಕಲಿಸಿದ್ದೇ ಹಾಗೆ: ತನ್ನ ತಪ್ಪು ಹೇಳುವುದು ಧರ್ಮ, ಮಂದಿಯ ತಪ್ಪು ಹೇಳುವುದು ಚಾಡಿ. ನನ್ನ ಬಾಯಿಂದ ಬಂದದ್ದು ಇದು:

"ತಂದಾವ್ರು ಸಣ್ಣ ಸಾಹುಕಾರ್ರು ಹೌದ್ರೀ ಅವ್ವಾರ. ನಮ್ಮವರು ರಬ್ಬರ್ ಅಂದಿದ್ರು. ಸ್ಟೀಲಿಂದ ತಗೋರಿ ಅಂತ ಹಟ ಹಿಡದಾಕಿ ನಾನು." ಎಣ್ಣೆ ಹಚ್ಚಿದ್ದನ್ನೂ ಹೇಳಿದೆ. ಎಲ್ಲ ಹೇಳಿ ಅವರ ಕಾಲಿಗೆ ಬಿದ್ದೆ.

ಅವ್ವಾರು ಬಯ್ಯುತ್ತಾರೆ ಅಂದುಕೊಂಡಿದ್ದೆ. ತಲೆ ಎತ್ತಿ ನೋಡಿದರೆ ಅವರ ಮುಖ ಹಗುರಾಗಿತ್ತು. ಮೂರು ವಾರದ ಭಾರ ಇಳಿದವರ ಹಾಗೆ ಉಸಿರು ಬಿಟ್ಟರು.

"ಅದಕ್ಕ ಮತ್ತ! ನಮ್ಮ ಹುಡುಗ ಅಂಥಾಂವ ಅಲ್ಲ ಅಂತ ನನ್ನ ಮನಸ್ಸು ಹೇಳ್ತಿತ್ತು. ಖರೇ ಹೇಳೀ ತಾಯಿ. ಶಿವ ನಿನಗ ಚಲೋ ಮಾಡ್ಲಿ."

ಹರಸಿಯೇ ಹೋದರು. ನಾನು ಹಗುರಾದೆ ಅಂದುಕೊಂಡು ಒಲೆ ಹಚ್ಚಿದೆ. ಸಂಜೆಗೆ ಗಿರಣಿಯೆಲ್ಲ ಸುದ್ದಿಯಾಗಿತ್ತು. ನಮ್ಮವರು ಬಂದು ಹೊಸ್ತಿಲಲ್ಲೇ ನಿಂತರು.

"ಏನ್ ಹೇಳಿದಿ ಅವ್ವಾರಿಗೆ?"

"ಖರೇ ಹೇಳ್ದೆ."

"ಪೂರಾ ಕಟ್ ಹೊಡಿ ಅಂದಿದ್ದು ಹೇಳಿದೇನು? ನಾ ಇಳಿದು ನೋಡ್ತೀನಿ ಅಂದಿದ್ದು?"

"ಅದು ಅವರ ತಪ್ಪು. ನಾ ನನ್ನ ತಪ್ಪು ಹೇಳ್ದೆ."

ಅವರು ನಕ್ಕರು. ಆ ಥರ ನಕ್ಕದ್ದನ್ನು ನಾನು ಮೊದಲು ಕಂಡಿರಲಿಲ್ಲ. "ನಾನು ಸುಮ್ನ ಇದ್ದದ್ದಕ್ಕ ಅವ್ವಾರಿಗೆ ಮೊಮ್ಮಗನ ಮ್ಯಾಲೆ ಇನ್ನೂ ಅನುಮಾನ ಇತ್ತು. ನೀ ಅದನ್ನೂ ತೊಳೆದು ಕೊಟ್ಟಿ" ಅಂದರು.

ಎಂಟು ದಿನದಲ್ಲಿ ಖೋಲಿ ಬಿಟ್ಟೆವು. ಮೂರನೆಯ ಕೇರಿಯಲ್ಲಿ ಒಂದು ಮನೆ ಸಿಕ್ಕಿತು. ನಳ ದೂರ. ಸೂರು ಸೋರುತ್ತಿರಲಿಲ್ಲ, ಅದನ್ನು ಎಣಿಸಿದೆ. ಹೊಸ ಡ್ರೈವರ್ ಬಂದ, ಕಾರಿಗೆ ರಬ್ಬರ್ ಪೈಪು ಬಂತು. ಮಗ ಅದರಲ್ಲಿ ತನ್ನ ಮದುವೆಗೆ ಹೆಣ್ಣು ನೋಡಲು ಹೋದ.

ನಮ್ಮವರು ಕೆಲಸಕ್ಕೆ ಎಲ್ಲಿ ಹೋದರೂ ಮಾತು ಅವರಿಗಿಂತ ಮುಂಚೆ ಹೋಗಿ ಕೂತಿರುತ್ತಿತ್ತು. ಅಪಘಾತ ಆದದ್ದಕ್ಕೆ ಯಾರೂ ಬೇಡ ಅನ್ನಲಿಲ್ಲ. ಅಪಘಾತ ಯಾರಿಗಿಲ್ಲ? ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಅವರಿಗೆ ಇಟ್ಟ ಹೆಸರು, 'ಹೆಂಡ್ತೀನ ಕೇಳಿ ಬ್ರೇಕ್ ಹಾಕಾಂವ.' ಮಾನ್ವಿಯ ಒಬ್ಬ ವ್ಯಾಪಾರಿ ಬಾ ಅಂದವನು ಬಾಗಿಲಿಗೆ ಹೋದಾಗ, "ಮನ್ಯಾಗ ಕೇಳಿ ಬಂದೀಯೇನಪ್ಪಾ?" ಅಂತ ನಾಲ್ಕು ಜನರ ಮುಂದೆ ಕೇಳಿದನಂತೆ. ಬಾಣಂತಿ ಕೂತ ಗಾಡಿ ಅನ್ನುತ್ತಿದ್ದವರೂ ಈ ಹೆಸರೇ ಹಿಡಿದರು. ಕಡೆಗೆ ಚಂದ್ರಬಂಡದ ಕಡೆ ಒಬ್ಬರ ಹೊಲದ ಟ್ರ್ಯಾಕ್ಟರ್ ಸಿಕ್ಕಿತು. ಟ್ರೇಲರಿನಲ್ಲಿ ಕೂತ ಕೂಲಿಯವರು, "ಅಣ್ಣಾ, ತಿರುವು ಬಂತು, ಅಕ್ಕನ್ನ ಕೇಳು" ಅಂತ ಕೂಗಿದರೆ ಅವರೂ ಜೊತೆಗೆ ನಗುತ್ತಾರೆ ಅಂತ ಕೇಳಿದೆ. ಅದನ್ನು ಕೇಳಿದ ದಿನ ನನಗೆ ಎಣಿಸಲು ಏನೂ ಸಿಗಲಿಲ್ಲ.

ನಾನು ಎಣ್ಣೆ ಹಚ್ಚುವುದು ಬಿಟ್ಟೆ. ಟ್ರ್ಯಾಕ್ಟರಿನ ಹತ್ತಿರ ಹೋಗುವುದೇ ಇಲ್ಲ. ಅವರೂ ಉಣ್ಣುವಾಗ ಕೇಳುವುದು ಬಿಟ್ಟರು. ಸಿಟ್ಟಲ್ಲ. ಸಿಟ್ಟಾಗಿದ್ದರೆ ಒಂದು ದಿನ ಇಳಿಯುತ್ತಿತ್ತು. ನಮ್ಮೊಬ್ಬಳೇ ಮಗಳಿಗೆ ಯಾವ ಸಾಲಿ, ಹಬ್ಬಕ್ಕೆ ಯಾವ ಬಟ್ಟೆ, ಎಲ್ಲ ತಾವೇ ಮಾಡಿ ಬರುತ್ತಾರೆ.

ಹೋದ ತಿಂಗಳು ಟ್ರ್ಯಾಕ್ಟರಿನ ಬ್ರೇಕಿಗೆ ಅಂತ ಎರಡು ಥರದ ಪಟ್ಟಿ ತಂದು ಹೊಸ್ತಿಲ ಮೇಲೆ ಇಟ್ಟುಕೊಂಡು ಕೂತರು. ಒಂದನ್ನು ಬೆಳಕಿಗೆ ಹಿಡಿದರು, ಇನ್ನೊಂದನ್ನು ಉಗುರಿನಿಂದ ಕೆರೆದರು. ನಾನು ಎರಡು ಮಾರು ದೂರದಲ್ಲಿ ಹಿಟ್ಟು ಸಾಣಿಸುತ್ತಿದ್ದೆ. ಎರಡನ್ನೂ ಬಹಳ ಹೊತ್ತು ನೋಡಿದರು. ಆಮೇಲೆ ಒಂದನ್ನು ಎತ್ತಿ ಕಿಸೆಯಲ್ಲಿಟ್ಟುಕೊಂಡು, ಇನ್ನೊಂದನ್ನು ಅಂಗಡಿಗೆ ವಾಪಸ್ ಕೊಡಲು ಪೇಪರಿನಲ್ಲಿ ಸುತ್ತಿದರು. ಯಾವುದನ್ನು ಇಟ್ಟುಕೊಂಡರೋ ನನಗೆ ಕಾಣಲಿಲ್ಲ. ನಾನು ಕೇಳಲೂ ಇಲ್ಲ.